ಬೈಕು ಬೀಳುವುದಕ್ಕೂ ಒಂದು ನಿಘಂಟು

ತಿಂಗಳ ಹಿಂದಿನ ಮಾತು. ಭಾನುವಾರ ಬೆಳಿಗ್ಗೆ ಹಿತ್ತಲಿನ ತೆಂಗಿನ ಗಿಡಗಳಿಗೆ ನೀರು ಹಾಯಿಸುತ್ತಿದ್ದೆ. ಗೇಟಿನ ಸದ್ದಾಯಿತು. ನೋಡಿದರೆ ಅಪ್ಪ, ಮಗ ಇಬ್ಬರೂ ಮುಖ ಊದಿಸಿಕೊಂಡು ನಿಂತಿದ್ದಾರೆ. ಅಪ್ಪ ನಮ್ಮೂರಿನ ಕೊಬ್ಬರಿ ವ್ಯಾಪಾರಿ. ಮಗ ಹೋದ ವರ್ಷದವರೆಗೆ ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ, ಈಗ ಪ್ರಥಮ ಪಿಯುಸಿ.

"ಮೇಷ್ಟ್ರೇ, ನೀವೇ ಒಂದು ನ್ಯಾಯ ಹೇಳಿ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ಪರ್ಸೆಂಟ್ ತೆಗೆದರೆ ಬೈಕು ಕೊಡಿಸ್ತೀನಿ ಅಂತ ಬಾಯಿ ತಪ್ಪಿ ಅಂದಿದ್ದೆ. ತೆಗೆಯೋದಿಲ್ಲ ಅನ್ನೋ ಧೈರ್ಯದಲ್ಲೇ ಅಂದಿದ್ದು. ತೆಗೆದುಬಿಟ್ಟ! ಈಗ ಊಟ ಬಿಟ್ಟು ಕೂತಿದ್ದಾನೆ. ಇವನು ಮಾತಾಡೋ ಭಾಷೆ ನನಗೆ ಒಂದಕ್ಷರ ತಿಳಿಯೋದಿಲ್ಲ. ಹೈಸೈಡ್ ಅಂತಾನೆ, ಲೋಸೈಡ್ ಅಂತಾನೆ, ಟ್ಯಾಂಕ್ ಸ್ಲ್ಯಾಪರ್ ಅಂತಾನೆ. ಕೊಡಿಸೋದು ಬಿಡೋದು ಆಮೇಲೆ, ಇವನು ಏನು ಹೇಳ್ತಿದ್ದಾನೆ ಅಂತಾದರೂ ತಿಳಿಸಿಕೊಡಿ."

ನಿಜ ಹೇಳಬೇಕೆಂದರೆ ಆ ಪದಗಳಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ. ಮೇಷ್ಟ್ರಾದವನು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಯ ಮುಂದೆ ಕೂತು ಪಾಠ ಕೇಳಬೇಕು ಎನ್ನುವುದು ನನ್ನ ನಂಬಿಕೆ. ಇಬ್ಬರನ್ನೂ ಜಗುಲಿಯ ಮೇಲೆ ಕೂರಿಸಿ, "ನೀನು ಪದ ಹೇಳಪ್ಪ, ನಾನು ಅದರ ಹಿಂದಿನ ಭೌತಶಾಸ್ತ್ರ ಹೇಳುತ್ತೇನೆ. ನಿಮ್ಮ ತಂದೆಯವರು ತೀರ್ಪು ಹೇಳಲಿ" ಎಂದೆ. ಅಂದಿನ ಜಗುಲಿಯ ಪಾಠವೇ ಈ ವಾರದ ಅಂಕಣ.

ಮೊದಲು ಬಿಡಿಭಾಗಗಳಿಂದ ಶುರು ಮಾಡೋಣ. ನಮ್ಮ ಕಾಲದ ಬೈಕಿನಲ್ಲಿ ಎಂಜಿನ್ನು, ಪೆಟ್ರೋಲ್ ಟ್ಯಾಂಕು, ಸರಪಳಿ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ಸ್ಪೋರ್ಟ್ಸ್ ಬೈಕಿಗೆ ಮೈತುಂಬ ಒಂದು ಕವಚ. ಅದಕ್ಕೆ ಫೇರಿಂಗ್ ಎನ್ನುತ್ತಾರೆ. ಗಾಳಿಯನ್ನು ಸೀಳಿ ಅತ್ತಿತ್ತ ಜಾರಿಸುವುದು ಅದರ ಕೆಲಸ. ಹ್ಯಾಂಡಲ್ ಒಂದೇ ಉದ್ದನೆಯ ಕೊಳವೆಯಲ್ಲ. ಮುಂದಿನ ಫೋರ್ಕಿನ ಎರಡು ಕಾಲುಗಳಿಗೂ ಒಂದೊಂದು ಗಿಡ್ಡ ಹಿಡಿಯನ್ನು ಕಚ್ಚಿಸಿರುತ್ತಾರೆ. ಅವು ಕ್ಲಿಪ್ ಆನ್. ಕಾಲಿಡುವ ಮೆಟ್ಟು ಹಿಂದಕ್ಕೂ ಮೇಲಕ್ಕೂ ಸರಿದಿರುತ್ತದೆ. ಅದು ರಿಯರ್ ಸೆಟ್. ಹೀಗಾಗಿ ಸವಾರ ಕುಳಿತಿದ್ದಾನೆ ಎನ್ನುವುದಕ್ಕಿಂತ ಟ್ಯಾಂಕಿನ ಮೇಲೆ ಬೋರಲು ಮಲಗಿದ್ದಾನೆ ಎನ್ನುವುದೇ ಸರಿ.

"ಅದ್ಯಾಕೆ ಹಂಗೆ ಮಲಗಬೇಕು? ಬೆನ್ನು ನೋವು ಬರೋದಿಲ್ವೇ?" ಎಂದರು ವ್ಯಾಪಾರಿಗಳು.

ಬರುತ್ತದೆ. ಆದರೂ ಹಾಗೆ ಮಾಡಿರುವುದಕ್ಕೆ ಕಾರಣವಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಎದೆಗೆ ಬಡಿಯುವ ಗಾಳಿ, 120 ಕಿಲೋಮೀಟರಿನಲ್ಲಿ ಮೂರು ಪಟ್ಟು ಅಲ್ಲ, ಒಂಬತ್ತು ಪಟ್ಟು ಜೋರಾಗಿ ತಳ್ಳುತ್ತದೆ. ರೇಸಿನಲ್ಲಿ ಮುನ್ನೂರರ ವೇಗದಲ್ಲಿ ಹೋಗುವವನು ಬಗ್ಗದಿದ್ದರೆ ಗಾಳಿಯೇ ಅವನನ್ನು ಹಿಂದಕ್ಕೆ ಎಳೆಯುತ್ತದೆ. ನಮ್ಮ ಸಂತೆಪೇಟೆಯ ಬೀದಿಯಲ್ಲಿ ಮೂವತ್ತರಲ್ಲಿ ಹೋಗುವವನು ಬಗ್ಗಿದರೆ ಉಳಿಯುವುದು ಬೆನ್ನುನೋವು ಮಾತ್ರ. ಹುಡುಗ ನಕ್ಕ. ಅವನ ಮುಖದ ಊತ ಸ್ವಲ್ಪ ಇಳಿಯಿತು.

ಹಿಂದಿನ ಚಕ್ರವನ್ನು ಹಿಡಿದಿರುವ ಕವಲುತೋಳಿಗೆ ಸ್ವಿಂಗ್ ಆರ್ಮ್ ಎಂದು ಹೆಸರು. ಅದರ ಒಂದು ತುದಿ ಚೌಕಟ್ಟಿಗೆ ಕೀಲಿನಂತೆ ಕೂತಿದ್ದರೆ ಇನ್ನೊಂದು ತುದಿ ಚಕ್ರದೊಂದಿಗೆ ಮೇಲೆ ಕೆಳಗೆ ಆಡುತ್ತದೆ. ರಸ್ತೆಯ ಉಬ್ಬುತಗ್ಗುಗಳಲ್ಲಿ ಟೈರು ನೆಲ ಬಿಡದಂತೆ ನೋಡಿಕೊಳ್ಳುವುದು ಅದರ ಹೊಣೆ. ಚೌಕಟ್ಟಿನ ಎರಡೂ ಪಕ್ಕಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಗುಬ್ಬಿಗಳಿದ್ದರೆ ಅವು ಫ್ರೇಮ್ ಸ್ಲೈಡರ್: ಬೈಕು ಬಿದ್ದಾಗ ಎಂಜಿನ್ನಿನ ಬದಲು ಅವು ಸವೆಯಲಿ ಎಂದು. ಬಿದ್ದೇ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಜೋಡಿಸುವ ಬಿಡಿಭಾಗ ಅದು! ಈ ಭಾಷೆ ಎಲ್ಲಿ ಹುಟ್ಟಿತು ಎನ್ನುವುದಕ್ಕೆ ಅದೇ ಸಾಕ್ಷಿ. ಇದು ಬೀಳುವುದನ್ನೇ ದಿನಚರಿ ಮಾಡಿಕೊಂಡಿರುವ ರೇಸ್ ಮೈದಾನಗಳ ಭಾಷೆ.

ಈಗ ಬೀಳುವ ಮಾತಿಗೆ ಬರೋಣ.

ಬೈಕು ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಅಲ್ಲವೇ? ಎಡಕ್ಕೆ ತಿರುಗುವಾಗ ಎಡಮಗ್ಗುಲು ನೆಲಕ್ಕೆ ಹತ್ತಿರ, ಬಲಮಗ್ಗುಲು ಎತ್ತರ. ನೆಲಕ್ಕೆ ಹತ್ತಿರವಿರುವ ಮಗ್ಗುಲು ಲೋಸೈಡ್, ಎತ್ತರದ್ದು ಹೈಸೈಡ್. ಚಕ್ರ ಹಿಡಿತ ತಪ್ಪಿ ಹೊರಕ್ಕೆ ಜಾರಿ, ಬೈಕು ವಾಲಿದ ಕಡೆಗೇ ಮಲಗಿಬಿಟ್ಟರೆ ಅದು ಲೋಸೈಡ್ ಬೀಳು. ವಾಲಿದ ಬೈಕು ಎದ್ದು ಒದ್ದು ಸವಾರನನ್ನು ಎದುರು ಮಗ್ಗುಲಿನ ಮೇಲಿಂದ ಆಕಾಶಕ್ಕೆ ಎಸೆದರೆ ಅದು ಹೈಸೈಡ್.

ಇಷ್ಟು ಕೇಳಿದೊಡನೆ ನನ್ನ ಎಡ ಮೊಣಕಾಲಿನ ಹಳೆಯ ಗಾಯದ ಗುರುತಿಗೆ ಹೆಸರು ಸಿಕ್ಕಿತು. 1996ರ ಡಿಸೆಂಬರ್. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸೆಕೆಂಡ್ ಹ್ಯಾಂಡ್ ಬೈಕಿನಲ್ಲಿ ತಿಪಟೂರಿನಿಂದ ಹುಳಿಯಾರಿನ ಕಡೆಗೆ ಹೋಗುತ್ತಿದ್ದೆ. ಸುಗ್ಗಿಯ ಕಾಲ. ತಿರುವಿನಲ್ಲಿ ರಸ್ತೆಯ ತುಂಬ ರಾಗಿ ತೆನೆ ಹರಡಿದ್ದರು. ಲಾರಿ ಬಸ್ಸುಗಳ ಗಾಲಿಯೇ ಒಕ್ಕಣೆ ಮಾಡುವ ಪದ್ಧತಿ ನಮ್ಮ ಕಡೆ ಗೊತ್ತಿದ್ದದ್ದೇ. ಎಡಕ್ಕೆ ವಾಲಿದೆ, ಅಷ್ಟೇ ನೆನಪು. ಬೈಕು ಹುಲ್ಲಿನ ಮೇಲೆ ಜಾರಿಕೊಂಡು ಹೋಯಿತು, ಹಿಂದೆ ನಾನು. ಪ್ಯಾಂಟು ಹರಿದು ಮೊಣಕಾಲಿನ ಚರ್ಮ ಹೋಯಿತು. ರಾಗಿ ತೂರುತ್ತಿದ್ದ ಅಜ್ಜಿಯೊಬ್ಬರು ಓಡಿ ಬಂದು ನೀರು ಕೊಟ್ಟು, "ನಿಧಾನಕ್ಕೆ ಬರಬಾರದೇನಪ್ಪ" ಎಂದು ಬೈದರು. ಸುಮಾರು ಮೂವತ್ತು ವರ್ಷಗಳ ಮೇಲೆ ನನ್ನ ಶಿಷ್ಯ ತಿಳಿಸಿದ: "ಸಾರ್, ನಿಮ್ಮದು ಕ್ಲಾಸಿಕ್ ಲೋಸೈಡ್!"

ಒಳಗಿನಿಂದ ಊಟದ ಮಣೆ ತರಿಸಿದೆ. ಒಂದು ಅಳಿಸುವ ರಬ್ಬರ್, ಕೋನಮಾಪಕ, ಒಂದು ಹಿಡಿ ರಾಗಿ. ಓದುಗ ಮಕ್ಕಳೇ, ನೀವೂ ಇದನ್ನು ಮನೆಯಲ್ಲಿ ಮಾಡಿ. ಮಣೆಯ ಮೇಲೆ ರಬ್ಬರ್ ಇಟ್ಟು ಒಂದು ಕಡೆಯಿಂದ ಮೆಲ್ಲಗೆ ಎತ್ತುತ್ತಾ ಹೋಗಿ. ಒಂದು ಕೋನದಲ್ಲಿ ರಬ್ಬರ್ ತಟ್ಟನೆ ಜಾರುತ್ತದೆ. ನಮಗೆ 36 ಡಿಗ್ರಿ ಬಂತು. ಮಣೆಯ ಮೇಲೆ ರಾಗಿ ಕಾಳು ಚೆಲ್ಲಿ ಮತ್ತೆ ಮಾಡಿದಾಗ 14 ಡಿಗ್ರಿಗೇ ಜಾರಿತು. ನಿಮ್ಮ ಮಣೆಯಲ್ಲಿ ಬೇರೆ ಸಂಖ್ಯೆ ಬರಬಹುದು, ತಪ್ಪೇನಿಲ್ಲ. ಈ ಕೋನದ ಟ್ಯಾನ್ ಬೆಲೆಯೇ ಘರ್ಷಣೆಯ ಗುಣಾಂಕ. ಮೊದಲನೆಯದು ಸುಮಾರು 0.73, ಎರಡನೆಯದು 0.25.

ಇದಕ್ಕೂ ಬೈಕಿಗೂ ಏನು ಸಂಬಂಧ? ತಿರುವಿನಲ್ಲಿ ಹೋಗುವ ಬೈಕು ಎಷ್ಟು ವಾಲಬೇಕು ಎನ್ನುವುದಕ್ಕೂ ಒಂದು ಸೂತ್ರವಿದೆ. ವಾಲುವ ಕೋನದ ಟ್ಯಾನ್ ಎಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಬೆಲೆ. ಆ ಬೆಲೆ ಘರ್ಷಣೆಯ ಗುಣಾಂಕವನ್ನು ಮೀರಿದ ಕ್ಷಣವೇ ಟೈರು ಜಾರುತ್ತದೆ. ಅಂದರೆ ಮಣೆಯ ಮೇಲಿನ ರಬ್ಬರ್ ಯಾವ ಕೋನಕ್ಕೆ ಜಾರಿತೋ, ಅಂಥದೇ ನೆಲದ ಮೇಲೆ ಬೈಕು ಹೆಚ್ಚುಕಡಿಮೆ ಅದೇ ಕೋನಕ್ಕಿಂತ ಹೆಚ್ಚು ವಾಲಲಾರದು! ಊಟದ ಮಣೆಗೂ ರೇಸ್ ಬೈಕಿಗೂ ಲೆಕ್ಕ ಒಂದೇ. ಇದನ್ನು ಕಂಡಾಗ ಹುಡುಗನ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು.

20 ಮೀಟರ್ ತ್ರಿಜ್ಯದ ತಿರುವು ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋದರೆ ಸುಮಾರು 20 ಡಿಗ್ರಿ ವಾಲಿದರೆ ಸಾಕು. 40ರಲ್ಲಿ ಹೋದರೆ 32 ಡಿಗ್ರಿ ಬೇಕು. 60ರಲ್ಲಿ ಹೋದರೆ 55 ಡಿಗ್ರಿ! ಒಣ ಡಾಂಬರಿನ ಮೇಲೆ ಸಾಮಾನ್ಯ ಟೈರಿನ ಗುಣಾಂಕ 0.7 ಎಂದು ಹಿಡಿದರೆ ಅದು ತಡೆಯುವುದು 35 ಡಿಗ್ರಿ ಮಾತ್ರ. ರಾಗಿ ಚೆಲ್ಲಿದ ನೆಲ ನಮ್ಮ ಮಣೆಯಂತೆಯೇ ಇದ್ದರೆ ಆ ತಿರುವಿನಲ್ಲಿ 25ಕ್ಕಿಂತ ಜೋರಾಗಿ ಹೋಗುವ ಹಾಗಿಲ್ಲ. ಅಂದು ನಾನು ಎಷ್ಟರಲ್ಲಿ ಹೋಗುತ್ತಿದ್ದೆನೋ ನೋಡಿಕೊಂಡಿರಲಿಲ್ಲ. ಅಜ್ಜಿಯ ಲೆಕ್ಕವೇ ಸರಿಯಾಗಿತ್ತು.

"ಆದರೆ ಸಾರ್, ಮೋಟೋ ಜಿಪಿಯಲ್ಲಿ 60 ಡಿಗ್ರಿಗಿಂತ ಹೆಚ್ಚು ವಾಲಿಸ್ತಾರೆ" ಎಂದ ಹುಡುಗ. ನಿಜ. ಮೊಣಕೈಯೇ ನೆಲಕ್ಕೆ ತಾಗುತ್ತದೆ. ಆ ಟೈರಿನ ಮೆದು ರಬ್ಬರು ಕಾದಾಗ ಅಂಟಿನಂತೆ ಹಿಡಿಯುತ್ತದೆ. ಓಡುವ ಮೊದಲು ಅದಕ್ಕೆ ವಿದ್ಯುತ್ ಕಂಬಳಿ ಹೊದಿಸಿ ಬಿಸಿ ಮಾಡುತ್ತಾರೆ. ಆಯುಷ್ಯ ಹೆಚ್ಚೆಂದರೆ ಒಂದು ರೇಸು. ನಮ್ಮ ಬೈಕಿನ ಟೈರು ಸಾವಿರಾರು ಕಿಲೋಮೀಟರ್ ಬಾಳಬೇಕು, ಅದರ ಮೇಲೆ ಸಗಣಿ, ಮರಳು, ಡೀಸೆಲ್ಲು, ಮಳೆ. ಎರಡನ್ನೂ ಟೈರು ಎಂದು ಕರೆಯುತ್ತೇವೆ ಅಷ್ಟೇ.

ಇನ್ನು ಹೈಸೈಡ್. ನಿಂತ ವಸ್ತುವನ್ನು ಅಲುಗಿಸಲು ಹೆಚ್ಚು ಬಲ ಬೇಕು, ಜಾರಲು ಶುರುವಾದ ಮೇಲೆ ಕಡಿಮೆ ಸಾಕು ಎಂದು ಶಾಲೆಯಲ್ಲಿ ಓದಿರುತ್ತೀರಿ. ಸ್ಥಿರ ಘರ್ಷಣೆ ಹೆಚ್ಚು, ಜಾರುವ ಘರ್ಷಣೆ ಕಡಿಮೆ. ತಿರುವಿನಿಂದ ಹೊರಬರುವಾಗ ಸವಾರ ಆಕ್ಸಿಲರೇಟರ್ ಜಾಸ್ತಿ ತಿರುವಿದ ಎನ್ನಿ. ಹಿಂದಿನ ಚಕ್ರ ಹಿಡಿತ ತಪ್ಪಿ ಪಕ್ಕಕ್ಕೆ ಜಾರುತ್ತದೆ. ಹೆದರಿ ಕೈ ಪೂರ್ತಿ ಬಿಟ್ಟರೆ ಜಾರುತ್ತಿದ್ದ ಟೈರು ತಟ್ಟನೆ ಮತ್ತೆ ನೆಲ ಕಚ್ಚುತ್ತದೆ. ಪಕ್ಕಕ್ಕೆ ಓಡುತ್ತಿದ್ದ ನೂರೈವತ್ತು ಕಿಲೋ ಭಾರ ಒಮ್ಮೆಲೇ ನಿಲ್ಲಬೇಕು. ಅಮುಕಿದ ಸ್ಪ್ರಿಂಗು ಚಿಮ್ಮುತ್ತದೆ, ಬೈಕು ನೆಟ್ಟಗೆದ್ದು ಕವಣೆಯಂತೆ ಸವಾರನನ್ನು ಎಸೆಯುತ್ತದೆ. ತಪ್ಪನ್ನು ತಿದ್ದಲು ಹೋದ ಕೈಯೇ ದೊಡ್ಡ ತಪ್ಪು ಮಾಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ವೈಜ್ಞಾನಿಕ ಉದಾಹರಣೆ ನನಗೆ ಸಿಕ್ಕಿಲ್ಲ.

2020ರ ಜುಲೈ 19ರಂದು ಸ್ಪೇನಿನ ಹೆರೆಜ್ ಮೈದಾನದಲ್ಲಿ ಆದದ್ದು ಇದೇ. ಅಷ್ಟು ಹೊತ್ತಿಗೆ ಎಂಟು ಸಲ ವಿಶ್ವ ಚಾಂಪಿಯನ್ ಆಗಿದ್ದ ಮಾರ್ಕ್ ಮಾರ್ಕೆಜ್ ಹೈಸೈಡಿನಲ್ಲಿ ಹಾರಿ ಬಿದ್ದರು. ಬಲಗೈಯ ತೋಳಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾದ ಅದೇ ವಾರ ಮತ್ತೆ ಬೈಕೇರಲು ಹೋದರು. ಆಗಸ್ಟಿನಲ್ಲಿ ಎರಡನೇ ಸಲ ಕೊಯ್ಯಬೇಕಾಯಿತು, ಡಿಸೆಂಬರಿನಲ್ಲಿ ಮೂರನೇ ಸಲ, 2022ರಲ್ಲಿ ನಾಲ್ಕನೇ ಸಲ. ಮತ್ತೆ ಚಾಂಪಿಯನ್ ಆಗಲು 2025ರವರೆಗೆ ಕಾಯಬೇಕಾಯಿತು. ಲೋಕದ ಅತ್ಯುತ್ತಮ ಸವಾರನಿಗೆ, ಅತ್ಯುತ್ತಮ ವೈದ್ಯರಿದ್ದೂ, ಒಂದು ಕ್ಷಣದ ಜಾರಾಟಕ್ಕೆ ಐದು ವರ್ಷದ ದಂಡ.

ಅದಕ್ಕೂ ಹಿಂದೆ, 1980-90ರ ದಶಕಗಳಲ್ಲಿ, 500 ಸಿಸಿಯ ಟೂ ಸ್ಟ್ರೋಕ್ ರೇಸ್ ಬೈಕುಗಳ ಶಕ್ತಿ ಒಮ್ಮೆಲೇ ಉಕ್ಕಿಬರುತ್ತಿದ್ದುದರಿಂದ ಹೈಸೈಡಿನ ಕಾಟ ವಿಪರೀತವಾಗಿತ್ತು. 1992ರಲ್ಲಿ ಹೋಂಡಾದ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ನಾಲ್ಕು ಸಿಲಿಂಡರುಗಳ ಸಿಡಿತಗಳನ್ನು ಒಂದರ ಪಕ್ಕ ಒಂದು ಒತ್ತಿಟ್ಟು, ಉಳಿದ ಹೊತ್ತು ಟೈರಿಗೆ ಉಸಿರಾಡಲು ಬಿಟ್ಟರು. ಆ ಬಿಡುವಿನಲ್ಲಿ ಟೈರು ಮತ್ತೆ ಹಿಡಿತ ಕಂಡುಕೊಳ್ಳುತ್ತಿತ್ತು. ಇದೇ 'ಬಿಗ್ ಬ್ಯಾಂಗ್' ಎಂಜಿನ್ನು. ಅದನ್ನು ಓಡಿಸುತ್ತಿದ್ದ ಆಸ್ಟ್ರೇಲಿಯಾದ ಮಿಕ್ ಡೂಹನ್ ಆ ವರ್ಷವೇ ನೆದರ್ಲೆಂಡ್ಸಿನ ಆಸನ್‌ನಲ್ಲಿ ಬಿದ್ದು ಕಾಲು ಮುರಿದುಕೊಂಡರು. ಕಾಲು ಕತ್ತರಿಸಬೇಕಾಗಬಹುದು ಎನ್ನುವವರೆಗೂ ಹೋಯಿತು. ಆಮೇಲೆ 1994ರಿಂದ 1998ರವರೆಗೆ ಸತತ ಐದು ಸಲ ವಿಶ್ವ ಚಾಂಪಿಯನ್ ಆದರು. ಅವರ ಸಮಕಾಲೀನ ವೇಯ್ನ್ ರೇನಿ ಸತತ ಮೂರು ಸಲ ಗೆದ್ದವರು. 1993ರ ಸೆಪ್ಟೆಂಬರ್ 5ರಂದು ಇಟಲಿಯ ಮಿಸಾನೋದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಡೂಹನ್ ಕಥೆಯನ್ನು ಹುಡುಗರು ಹೇಳುತ್ತಾರೆ. ರೇನಿಯ ಕಥೆಯನ್ನೂ ಜೊತೆಗಿಟ್ಟುಕೊಂಡು ಹೇಳಬೇಕು.

ಟ್ಯಾಂಕ್ ಸ್ಲ್ಯಾಪರ್ ಎಂದರೆ ಟ್ಯಾಂಕಿಗೆ ಕಪಾಳಮೋಕ್ಷ. ಆಸ್ಪತ್ರೆಯ ಸ್ಟ್ರೆಚರ್ ತಳ್ಳುವಾಗ ಮುಂದಿನ ಪುಟ್ಟ ಚಕ್ರ ಪಟಪಟನೆ ಅತ್ತಿತ್ತ ಒದರಾಡುವುದನ್ನು ನೋಡಿದ್ದೀರಷ್ಟೆ? ವೇಗದಲ್ಲಿ ಮುಂದಿನ ಚಕ್ರ ಉಬ್ಬಿಗೆ ತಾಗಿ ಹಗುರವಾಗಿ ನೆಲಕ್ಕಿಳಿದಾಗ ಬೈಕಿನ ಹ್ಯಾಂಡಲ್ಲೂ ಹಾಗೆಯೇ ಆಡತೊಡಗುತ್ತದೆ. ಹ್ಯಾಂಡಲಿನ ತುದಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಟ್ಯಾಂಕಿಗೆ ಬಡಿಯುತ್ತವೆ. ಇದನ್ನು ತಡೆಯಲು ಸ್ಟಿಯರಿಂಗ್ ಡ್ಯಾಂಪರ್ ಎಂಬ ಎಣ್ಣೆ ತುಂಬಿದ ಕೊಳವೆ ಇರುತ್ತದೆ. ಮೆಲ್ಲಗೆ ತಿರುಗಿಸಿದರೆ ಬಿಡುತ್ತದೆ, ತಟ್ಟನೆ ಎಳೆದರೆ ತಡೆಯುತ್ತದೆ. ಒಳ್ಳೆಯ ತಂದೆತಾಯಿಯ ಹಾಗೆ!

ವೀಲಿ ಎಂದರೆ ಮುಂದಿನ ಚಕ್ರ ಎತ್ತಿ ಓಡುವುದು. ಬೆಂಗಳೂರಿನ ರಸ್ತೆಗಳಲ್ಲಿ ಪೊಲೀಸರಿಗೆ ಇದು ನಿತ್ಯದ ತಲೆನೋವು. ಸ್ಟಾಪಿ ಎಂದರೆ ಮುಂದಿನ ಬ್ರೇಕು ಬಲವಾಗಿ ಹಿಡಿದು ಹಿಂದಿನ ಚಕ್ರ ಮೇಲೇಳಿಸುವುದು. ಆಗ ವ್ಯಾಪಾರಿಗಳು ತಮ್ಮ ಅನುಭವ ಹೇಳಿದರು: "ಅದಕ್ಕೇ ನಾನು ಇವನಿಗೆ ಹೇಳೋದು, ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ ಅಂತ."

ಪೋಷಕರೇ, ಇಲ್ಲಿ ನಿಮ್ಮ ಮಾತು ತಪ್ಪು, ಹುಡುಗರ ಮಾತು ಸರಿ. ಬಸ್ಸು ಬ್ರೇಕು ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಬೈಕಿನಲ್ಲೂ ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ. ಭಾರ ಹೆಚ್ಚಿದ ಕಡೆ ಘರ್ಷಣೆಯೂ ಹೆಚ್ಚು, ಆದ್ದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಬ್ರೇಕಿನದೇ. ಹಿಂದಿನದನ್ನೇ ನಂಬಿದರೆ ಹಗುರಾದ ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತದೆ. ಎರಡನ್ನೂ ಹಿಡಿಯಬೇಕು, ಮುಂದಿನದನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ಹದವಾಗಿ ಒತ್ತುತ್ತಾ ಹೆಚ್ಚಿಸಬೇಕು, ತಟ್ಟನೆ ಕಿತ್ತುಕೊಳ್ಳಬಾರದು. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರುವ 125 ಸಿಸಿಗೆ ಮೇಲ್ಪಟ್ಟ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಕಚ್ಚಿಕೊಳ್ಳುವ ಮೊದಲೇ ಅದು ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಅದು ಸವಾರನ ತಪ್ಪನ್ನು ಸ್ವಲ್ಪ ಮನ್ನಿಸೀತು, ನ್ಯೂಟನ್ನನ ನಿಯಮವನ್ನು ಮನ್ನಿಸಲಾರದು.

ತಿರುವಿನ ಮಧ್ಯೆ ಬ್ರೇಕು ಹಿಡಿಯುವವರಿಗೆ ಇನ್ನೊಂದು ಲೆಕ್ಕ. ಟೈರಿನ ಜೇಬಿನಲ್ಲಿ ಘರ್ಷಣೆಯೆಂಬ ನೂರು ರೂಪಾಯಿ ಇದೆ ಎನ್ನಿ. ತಿರುಗುವುದಕ್ಕೂ ನಿಲ್ಲುವುದಕ್ಕೂ ಅದರಿಂದಲೇ ಕೊಡಬೇಕು. ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ಪೈಥಾಗೊರಸನ ಪ್ರಮೇಯ ನಡೆಯುತ್ತದೆ. ತಿರುಗಲು 80 ಖರ್ಚು ಮಾಡಿದರೆ ಬ್ರೇಕಿಗೆ 60 ಉಳಿಯುತ್ತದೆ. ಪೂರ್ತಿ 100 ತಿರುವಿಗೇ ಸುರಿದವನಿಗೆ, ಎದುರಿಗೆ ಎಮ್ಮೆ ಬಂದಾಗ, ಬ್ರೇಕಿಗೆ ಬಿಡಿಗಾಸೂ ಇರುವುದಿಲ್ಲ. ಅದಕ್ಕೇ ಬಲ್ಲವರು ತಿರುವಿಗೆ ಮೊದಲೇ ವೇಗ ಇಳಿಸುತ್ತಾರೆ.

ಇಷ್ಟೆಲ್ಲ ಪದಗಳಲ್ಲಿ ನನಗೆ ಅತ್ಯಂತ ಅಪಾಯಕಾರಿ ಎನಿಸಿದ್ದು ಬೀಳುವ ಪದವಲ್ಲ, ಚಿಕನ್ ಸ್ಟ್ರಿಪ್ಸ್ ಎನ್ನುವ ತಮಾಷೆಯ ಪದ. ಟೈರಿನ ಅಂಚಿನಲ್ಲಿ ರಸ್ತೆಗೆ ತಾಗದೆ ಹೊಸದಾಗಿಯೇ ಉಳಿದ ಪಟ್ಟಿಗೆ ಹಾಗೆನ್ನುತ್ತಾರೆ. ನಮ್ಮ ಭಾಷೆಯಲ್ಲಿ ಪುಕ್ಕಲನ ಪಟ್ಟಿ. ಬೈಕು ಸಾಕಷ್ಟು ವಾಲಿಸದವನು ಹೇಡಿ ಎಂದು ಆಡಿಕೊಳ್ಳಲು ಹುಟ್ಟಿದ ಮಾತು. ಬೈಕು ನಿಲ್ಲಿಸಿದ ಕಡೆ ಹುಡುಗರು ಬಗ್ಗಿ ಒಬ್ಬರ ಟೈರನ್ನು ಒಬ್ಬರು ನೋಡಿ ನಗುತ್ತಾರಂತೆ. ಯೋಚಿಸಿ: ಟೈರಿನ ಅಂಚಿನಲ್ಲಿ ಉಳಿದ ಆ ಎರಡು ಬೆರಳಗಲದ ರಬ್ಬರು, ಜೇಬಿನಲ್ಲಿ ಉಳಿಸಿಕೊಂಡ ನಾಲ್ಕು ಕಾಸು. ನಾಯಿ ಅಡ್ಡ ಬಂದಾಗ, ಮರಳು ಸಿಕ್ಕಾಗ ಖರ್ಚು ಮಾಡಲು ಇಟ್ಟುಕೊಂಡದ್ದು. ಉಳಿತಾಯ ಮಾಡಿದವನನ್ನು ಪುಕ್ಕಲ ಎನ್ನುವ ಭಾಷೆಯನ್ನು ಮಕ್ಕಳು ಕಲಿಯಬಾರದು.

'ಬೈಕು ಮಲಗಿಸಿಬಿಟ್ಟೆ, ಬಚಾವಾದೆ' ಎನ್ನುವುದು ಇನ್ನೊಂದು. ಅಡ್ಡ ಬಂದದ್ದಕ್ಕೆ ಗುದ್ದುವ ಬದಲು ಬೇಕೆಂದೇ ಮಲಗಿಸಿದೆ ಎಂಬ ಜಂಬ. ಆದರೆ ಡಾಂಬರಿನ ಮೇಲೆ ರಬ್ಬರಿಗಿರುವ ಹಿಡಿತ ಲೋಹಕ್ಕೂ ಪ್ಲಾಸ್ಟಿಕ್ಕಿಗೂ ಇಲ್ಲ. ಮಲಗಿದ ಬೈಕಿಗಿಂತ ಬ್ರೇಕು ಹಿಡಿದ ಬೈಕೇ ಬೇಗ ನಿಲ್ಲುತ್ತದೆ. ಮಲಗಿಸಿದೆ ಎನ್ನುವವರಲ್ಲಿ ಬಹಳಷ್ಟು ಜನ ನನ್ನ ಹಾಗೆ ಬಿದ್ದವರೇ.

ಹುಡುಗ ಸುಮ್ಮನಿರಲಿಲ್ಲ. "ಲೋಸೈಡಿನಲ್ಲಿ ಬಿದ್ದರೆ ಏನೂ ಆಗಲ್ಲ ಸಾರ್. ಜಾರಿಕೊಂಡು ಹೋಗಿ ಎದ್ದು ಧೂಳು ಕೊಡವಿಕೊಳ್ತಾರೆ. ನಾನೇ ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೀನಿ."

ಅವನು ನೋಡಿದ್ದು ಸುಳ್ಳಲ್ಲ. ಶಕ್ತಿಯನ್ನು ಕಳೆಯುವುದಕ್ಕೆ ದೂರ ಸಿಕ್ಕಷ್ಟೂ ಬಲ ಕಡಿಮೆ; ಇದು ಸರಳ ಭೌತಶಾಸ್ತ್ರ. ರೇಸ್ ಮೈದಾನದ ತಿರುವಿನಾಚೆ ಬಯಲಿದೆ, ಜಲ್ಲಿಯ ಹಾಸಿದೆ, ಗಾಳಿ ತುಂಬಿದ ಗೋಡೆಯಿದೆ. ಮೈಮೇಲೆ ದಪ್ಪ ಚರ್ಮದ ಉಡುಪು, ಅದರೊಳಗೆ ಗಾಳಿಚೀಲ; 2018ರಿಂದ ಮೋಟೋ ಜಿಪಿಯಲ್ಲಿ ಅದು ಕಡ್ಡಾಯ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಬಾವುಟ ಹಿಡಿದವರು, ವೈದ್ಯರು ಕಾದಿರುತ್ತಾರೆ. ನಮ್ಮ ರಸ್ತೆಯ ತಿರುವಿನಾಚೆ ಏನಿದೆ? ಹುಣಸೆ ಮರ, ವಿದ್ಯುತ್ ಕಂಬ, ಮೈಲಿಗಲ್ಲು, ಎದುರಿನಿಂದ ಬರುವ ಲಾರಿ. ಪದ ಅದೇ, ನೆಲ ಬೇರೆ.

ಇಷ್ಟೆಲ್ಲ ಇದ್ದೂ ಆ ಮೈದಾನಗಳೇನೂ ಅಮೃತ ಕುಡಿದಿಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಹತ್ತಿರದ ರೇಸ್ ಮೈದಾನದಲ್ಲಿ ರಾಷ್ಟ್ರೀಯ ಮೋಟಾರ್‌ಸೈಕಲ್ ಚಾಂಪಿಯನ್‌ಶಿಪ್ ನಡೆಯುತ್ತಿದ್ದಾಗ ನಮ್ಮ ಬೆಂಗಳೂರಿನ ಹುಡುಗನೊಬ್ಬ ಬಿದ್ದು ತೀರಿಕೊಂಡ. ವಯಸ್ಸು 13. ಪ್ರತಿಭಾವಂತ, ಆ ಹೊತ್ತಿಗಾಗಲೇ ಗೆಲುವುಗಳನ್ನು ಕಂಡವನು. ಆ ವಾರಾಂತ್ಯದ ಉಳಿದ ಸ್ಪರ್ಧೆಗಳನ್ನೆಲ್ಲ ರದ್ದು ಮಾಡಿದರು. ನನ್ನ ಏಳನೇ ತರಗತಿಯ ಮಕ್ಕಳ ವಯಸ್ಸು ಅದು. ಆ ಸುದ್ದಿ ಓದಿದ ದಿನ ಪಾಠ ಮಾಡಲು ನನಗೆ ಮನಸ್ಸಾಗಿರಲಿಲ್ಲ.

ಇನ್ನೊಂದು ಮಾತನ್ನು ಹುಡುಗನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಬೇಕಾಯಿತು. ಹತ್ತನೇ ತರಗತಿಯ ಹುಡುಗ. ಚಿಕ್ಕಪ್ಪನ ಬೈಕು, ಕೆರೆ ಏರಿಯ ತಿರುವು, ಬರಿದಲೆ. ಯಾವ ಸೈಡಿಗೆ ಬಿದ್ದನೋ ಯಾರೂ ನೋಡಲಿಲ್ಲ. ವರ್ಗಾವಣೆಯಾದ ಮಕ್ಕಳ ಹೆಸರಿಗೂ ಅದೇ ಗೆರೆಯನ್ನೇ ಎಳೆಯುತ್ತೇವೆ. ಅಂದು ಆ ಗೆರೆ ನೆಟ್ಟಗೆ ಬರಲಿಲ್ಲ.

ಜಗುಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ಕೈಗೆ ಪೆನ್ಸಿಲ್ ಕೊಟ್ಟು ಲೆಕ್ಕ ಮಾಡಿಸಿದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡು ಬೇಕೆಂದರೆ ಅಷ್ಟರಲ್ಲೇ 17 ಮೀಟರ್ ಆಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರ್. ಒಟ್ಟು 37. ಅದೇ 30ರಲ್ಲಿ ಹೋಗುತ್ತಿದ್ದರೆ 8 ಮತ್ತು 5, ಒಟ್ಟು 13. ಇನ್ನು 60ರ ವೇಗದಲ್ಲಿ ಗೋಡೆಗೆ ಗುದ್ದುವುದು ಎಷ್ಟು ಎತ್ತರದಿಂದ ಬಿದ್ದ ಹಾಗೆ? ಅವನೇ ಲೆಕ್ಕ ಹಾಕಿ ಹೇಳಿದ: 14 ಮೀಟರ್. ನಾಲ್ಕನೇ ಮಹಡಿಯ ಮೇಲಿಂದ ಹಾರಿದಂತೆ.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರದಷ್ಟು. ಹೆಲ್ಮೆಟ್ಟಿನೊಳಗೆ ಥರ್ಮೊಕೋಲಿನಂಥ ಪದರವಿರುತ್ತದೆ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ ತಲೆ ನಿಲ್ಲಲು ಒಂದಿಷ್ಟು ಹೆಚ್ಚು ದೂರವನ್ನೂ ಕಾಲವನ್ನೂ ಕೊಡುತ್ತದೆ. ಒಮ್ಮೆ ಜಜ್ಜಿದ ಮೇಲೆ ಅದರ ಕೆಲಸ ಮುಗಿಯಿತು, ಹೊಸದು ಕೊಳ್ಳಬೇಕು. ಐಎಸ್‌ಐ ಗುರುತಿರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿಹೋಗುತ್ತದೆ.

ಕೊನೆಗೆ ತೀರ್ಪಿನ ಮಾತು. "ನೀವು ಮಾತು ಕೊಟ್ಟಿದ್ದೀರಿ, ಮಗ ಅವನ ಪಾಲಿನದನ್ನು ಮಾಡಿ ತೋರಿಸಿದ್ದಾನೆ. ಮಾತು ತಪ್ಪಬೇಡಿ. ಆದರೆ ತಾರೀಖು ಗೊತ್ತು ಮಾಡುವುದು ನೀವೂ ಅಲ್ಲ, ಅವನೂ ಅಲ್ಲ" ಎಂದೆ. ಗೇರಿನ ಬೈಕು ಓಡಿಸಲು 18 ತುಂಬಿರಬೇಕು. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ವಾಹನಕ್ಕೆ ಮಾತ್ರ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸೇ ಇಲ್ಲ. "ಈಗ ಕೊಟ್ಟರೆ ಇಪ್ಪತ್ತೈದರವರೆಗೆ ಕಾಯಬೇಕಾದೀತು, ಹದಿನೆಂಟರವರೆಗೆ ಕಾದರೆ ಎರಡೇ ವರ್ಷ. ಯಾವುದು ಲಾಭ, ನೀನೇ ಹೇಳು" ಎಂದೆ.

ಹುಡುಗ ತಲೆ ತಗ್ಗಿಸಿ ಮಣೆಯ ಮೇಲಿನ ರಾಗಿಯನ್ನು ಬೆರಳಿನಿಂದ ಸರಿಸುತ್ತಿದ್ದ. ಒಪ್ಪಿದನೆಂದು ಹೇಳಲಾರೆ. ಕಡೆಗೆ, "ಸರಿ ಸಾರ್. ಆದರೆ ಅಪ್ಪ ಮೊದಲು ಹೆಲ್ಮೆಟ್ ಹಾಕ್ಕೊಳ್ಳಲಿ. ದಿನಾ ಕೊಬ್ಬರಿ ಮೂಟೆ ಹೇರಿಕೊಂಡು ಹಂಗೇ ಹೋಗ್ತಾರೆ. ಇದೆ, ಕನ್ನಡಿಗೆ ನೇತುಹಾಕಿರ್ತಾರೆ" ಎಂದ.

ನಾನು ಗೇಟಿನ ಕಡೆ ನೋಡಿದೆ. ಹೌದು, ಮೊಪೆಡ್ಡಿನ ಕನ್ನಡಿಯಲ್ಲಿ ಹೆಲ್ಮೆಟ್ ತೂಗಾಡುತ್ತಿತ್ತು. ವ್ಯಾಪಾರಿಗಳು ಏನೋ ಹೇಳಲು ಹೋಗಿ ಸುಮ್ಮನಾದರು. "ಇಲ್ಲೇ ಎರಡು ಫರ್ಲಾಂಗು, ಅದಕ್ಕೂ ಬೇಕಾ ಅಂತ..." ಎನ್ನುತ್ತಾ ಎದ್ದರು.

ಮೊನ್ನೆ ಸಂತೆಯ ದಿನ ಇಬ್ಬರೂ ಎದುರಾದರು. ಅಪ್ಪನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಗದ್ದದ ಪಟ್ಟಿ ಮಾತ್ರ ಗಾಳಿಗೆ ಹಾರಾಡುತ್ತಿತ್ತು. ನಾನು ಕೈ ಸನ್ನೆ ಮಾಡಿದೆ. ಗಾಡಿ ನಿಂತಿತು. ಹಿಂದೆ ಕೂತಿದ್ದ ಮಗ, ತಾನೂ ಹೆಲ್ಮೆಟ್ ಹಾಕಿಕೊಂಡೇ, ಮುಂದಕ್ಕೆ ಬಗ್ಗಿ ಅಪ್ಪನ ಪಟ್ಟಿಯನ್ನು ಕ್ಲಿಕ್ ಎನ್ನಿಸಿದ. "ಬಿಗಿಯಾಯ್ತು ಕಣೋ" ಎಂದರು ಅಪ್ಪ. "ಬಿಗಿಯಾಗೇ ಇರಬೇಕಪ್ಪ" ಎಂದ ಮಗ.

ಮಕ್ಕಳೇ, ಈ ವಾರದ ಮನೆಗೆಲಸ: ನಿಮ್ಮ ಮನೆಯ ಮಣೆ ಯಾವ ಕೋನಕ್ಕೆ ಜಾರಿಸುತ್ತದೆ? ಒಣಗಿದ್ದಾಗ ಎಷ್ಟು, ನೀರು ಚಿಮುಕಿಸಿದಾಗ ಎಷ್ಟು, ಮರಳು ಹಾಕಿದಾಗ ಎಷ್ಟು? ಮೂರನ್ನೂ ಬರೆದು, ನಿಮ್ಮ ಊರಿನ ಒಂದು ತಿರುವನ್ನು ಹೆಜ್ಜೆಯಿಂದ ಅಳೆದು, ಅಲ್ಲಿ ಎಷ್ಟು ವೇಗ ಸಲ್ಲುತ್ತದೆ ಎಂದು ಲೆಕ್ಕ ಹಾಕಿ. ಅಳೆಯುವಾಗ ವಾಹನಗಳ ಮೇಲೆ ಕಣ್ಣಿಡಲು ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಉತ್ತರವನ್ನು ನನಗೆ ತೋರಿಸುವುದು ಆಮೇಲಿರಲಿ, ಮೊದಲು ಮನೆಯಲ್ಲಿ ಗಾಡಿ ಓಡಿಸುವವರಿಗೆ ತೋರಿಸಿ.